ನಮ್ಮ ಮನೆಯ ಸಿನಿಮಾ ಹುಡುಗ



ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿಯಿತು, ಕರಿಬೇವು ಹಾಕಿದೆ, ಚುಂಯ್ ಎಂದಿತು. ಹಿಂದಿನಿಂದ ಕೂಗು ಬಂತು: "ಚಿಕ್ಕಮ್ಮಾ, ಇನ್ನೊಂದು ಸಲ ಹಾಕು!" ತಿರುಗಿ ನೋಡಿದರೆ ಅಕ್ಕನ ಮಗ ಕಿವಿಗೆ ದೊಡ್ಡ ಹೆಡ್‌ಫೋನ್ ಏರಿಸಿಕೊಂಡು, ತುಪ್ಪಳದ ಟೊಪ್ಪಿಗೆ ಹಾಕಿದಂತಿದ್ದ ಒಂದು ಮೈಕನ್ನು ನನ್ನ ಬಾಣಲೆಯ ಹತ್ತಿರ ಹಿಡಿದು ನಿಂತಿದ್ದಾನೆ. ಮೊದಲ ಒಗ್ಗರಣೆಯಲ್ಲಿ ಫ್ರಿಜ್ಜಿನ ಗುಂಯ್ ಶಬ್ದ ಸೇರಿಕೊಂಡಿತಂತೆ. ಅದರ ಸ್ವಿಚ್ ಆರಿಸಿದ. ಎರಡನೆಯದಕ್ಕೆ ಸರಿಯಾಗಿ ಹೊರಗೆ ರಿಕ್ಷಾ ಹೋಯಿತು. ಮೂರನೆಯದು 'ಓಕೆ' ಆಯಿತು. ಅಂದು ಮನೆಮಂದಿಯೆಲ್ಲ ಮೂರು ಒಗ್ಗರಣೆಯ ಉಪ್ಪಿಟ್ಟು ತಿಂದೆವು. ಫ್ರಿಜ್ಜಿನ ಸ್ವಿಚ್ಚನ್ನು ಮತ್ತೆ ಹಾಕಿಲ್ಲವೆಂಬುದು ಸಂಜೆ ಹಾಲು ಒಡೆದಾಗಲೇ ತಿಳಿದದ್ದು.

ಹುಡುಗ ಸಾಗರದವನು. ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಕೆಲಸಕ್ಕೂ ಸೇರಿ, ಎಂಟು ತಿಂಗಳಿಗೆ ಅದನ್ನು ಬಿಟ್ಟು, ಪ್ರವೇಶ ಪರೀಕ್ಷೆ ಬರೆದು ನಮ್ಮ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಬಂದವನು. ಅಂದು ಅಕ್ಕ ಫೋನಿನಲ್ಲಿ ಅತ್ತದ್ದನ್ನು ಕೇಳಿದ್ದರೆ ಮನೆಯಲ್ಲಿ ಯಾರೋ ತೀರಿಕೊಂಡರು ಎಂದುಕೊಳ್ಳಬೇಕು. "ಸಿನಿಮಾ ನೋಡಲಿಕ್ಕೂ ಕಾಲೇಜು ಬೇಕೇನೇ? ನೀನಾದರೂ ಬುದ್ಧಿ ಹೇಳು" ಎಂದಳು. ಹೇಳಿದೆ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿ, ಜನ್ಮದಲ್ಲಿ ಕಾಣದ ಡ್ಯಾಫೋಡಿಲ್ ಹೂವಿನ ಮೇಲೆ ಪುಟಗಟ್ಟಲೆ ಬರೆದು ಪಾಸಾದ ನಾನು ಅವನಿಗೆ ಉಪಯೋಗಕ್ಕೆ ಬರುವ ವಿದ್ಯೆಯ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಪೂರ್ತಿ ಕೇಳಿಸಿಕೊಂಡ. ಕೊನೆಗೆ, "ಚಿಕ್ಕಮ್ಮಾ, ನಿಮ್ಮ ಈ ಕಿಟಕಿಯಿಂದ ಮಧ್ಯಾಹ್ನದ ಬೆಳಕು ಎಷ್ಟು ಚೆನ್ನಾಗಿ ಬೀಳುತ್ತೆ, ನೋಡಿದೀಯಾ?" ಎಂದ. ಮೂವತ್ತು ವರ್ಷದಿಂದ ಆ ಕಿಟಕಿಯ ಧೂಳು ಒರೆಸಿದ್ದೇನೆ, ಬೆಳಕನ್ನು ನೋಡಿರಲಿಲ್ಲ.

ಹಾಸ್ಟೆಲಿನಲ್ಲಿರುತ್ತಾನೆ. ಭಾನುವಾರ ಒಗೆಯುವ ಬಟ್ಟೆಯ ಗಂಟು ಹೊತ್ತುಕೊಂಡು ನಮ್ಮ ಮನೆಗೆ ಬರುತ್ತಾನೆ. ಬಟ್ಟೆಯೆಂದರೆ ಬಹುಪಾಲು ಟೀ ಶರ್ಟು. ಒಂದರ ಮೇಲೆ ಜಪಾನಿ ನಿರ್ದೇಶಕ, ಇನ್ನೊಂದರ ಮೇಲೆ ಅಣ್ಣಾವ್ರು. ಊಟಕ್ಕೆ ಕೂತರೆ ಮಾತೆಲ್ಲ ಸಿನಿಮಾ. ಓಜು ಎಂಬ ಜಪಾನಿನವರು 'ಟೋಕಿಯೋ ಸ್ಟೋರಿ' ಎಂಬ ಚಿತ್ರ ಮಾಡಿದರಂತೆ, 1953ರಲ್ಲಿ. ಅವರ ಕ್ಯಾಮರಾ ಯಾವಾಗಲೂ ನೆಲಕ್ಕೆ ಹತ್ತಿರ ಇರುತ್ತದೆ, ಚಾಪೆಯ ಮೇಲೆ ಕೂತವರ ಕಣ್ಣಿನ ಎತ್ತರಕ್ಕೆ. "ನಮ್ಮೂರ ಜಗಲಿ ಮೇಲೆ ಅಜ್ಜಿ ಕೂತು ಬಂದವರನ್ನೆಲ್ಲ ನೋಡ್ತಿದ್ದಳಲ್ಲ, ಹಾಗೆ" ಎಂದು ಅವನು ಹೇಳಿದಾಗ ನನಗೆ ಥಟ್ಟನೆ ಅರ್ಥವಾಯಿತು. ನಮ್ಮ ಮನೆಯವರು ಮಾತ್ರ ಇಂದಿಗೂ ಕೇಳುವುದು ಒಂದೇ ಪ್ರಶ್ನೆ: "ಹೀರೋ ಯಾರು?"

ದೊಡ್ಡ ದೊಡ್ಡ ಹೆಸರುಗಳನ್ನು ಹೇಳಿಕೊಂಡು ನಮ್ಮ ಸಿನಿಮಾಗಳನ್ನು ಮೂಗು ಮುರಿದು ನೋಡುವ ಪೈಕಿಯಲ್ಲ ಇವನು. ಅದು ನನಗೆ ಹಿಡಿಸಿದ್ದು. ಸತ್ಯಜಿತ್ ರಾಯ್ ಇರುವ ನೋಟ್‌ಬುಕ್ಕಿನಲ್ಲೇ ಉಪೇಂದ್ರರ 'ಓಂ' ಕೂಡ ಇದೆ. ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರದ ಓಬವ್ವನ ಭಾಗವನ್ನು ಒಂದು ಸಂಜೆ ಧ್ವನಿ ಬಂದ್ ಮಾಡಿ ಹನ್ನೊಂದು ಸಲ ನೋಡಿದ. 1972ರ ಚಿತ್ರ. ನಾನು ಶಾಲೆಯ ವಾರ್ಷಿಕೋತ್ಸವದಲ್ಲಿ ನಿಜವಾದ ಒನಕೆ ಹಿಡಿದು ಓಬವ್ವನಾದವಳು. ಜಯಂತಿಯವರು ಒನಕೆ ಎತ್ತುವ ಕ್ಷಣ ನನಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಆದರೂ ಪೆಟ್ಟು ಬೀಳುವುದಕ್ಕಿಂತ ಪೆಟ್ಟಿಗೆ ಮುಂಚಿನ ಕಾಯುವಿಕೆಗೇ ಎಷ್ಟು ಹೊತ್ತು ಕೊಟ್ಟಿದ್ದಾರೆ ಎಂದು ಅವನು ಕೈಗಡಿಯಾರ ಹಿಡಿದು ತೋರಿಸುವವರೆಗೂ ನನಗೆ ಹೊಳೆದಿರಲಿಲ್ಲ. ನಿಮ್ಮ ಮರಾಠಿ ಸ್ನೇಹಿತರು ಗುನುಗುವ 'ಮಾಲ್ಗುಡಿ ಡೇಸ್' ಧಾರಾವಾಹಿಯ ರಾಗವಿದೆಯಲ್ಲ, ಅದನ್ನು ಎಲ್ಲರೂ ಹಿಂದಿಯದೆಂದು ತಿಳಿದಿದ್ದಾರೆ. ಮಾಡಿದ್ದು ನಮ್ಮ ಶಂಕರ್ ನಾಗ್, 1986ರಲ್ಲಿ. ಮಾಲ್ಗುಡಿಯಾದದ್ದು ನಮ್ಮ ಆಗುಂಬೆ. ಇದನ್ನು ಹೇಳಿ ಹಾಸ್ಟೆಲಿನಲ್ಲಿ ಹುಡುಗ ಎರಡು ಪ್ಲೇಟ್ ವಡಾಪಾವ್ ಪಂದ್ಯ ಗೆದ್ದನಂತೆ.

ಇದನ್ನೆಲ್ಲ ನಿಮಗೆ ಏಕೆ ಹೇಳುತ್ತಿದ್ದೇನೆಂದರೆ, ನೀವು ಲಾ ಕಾಲೇಜ್ ರಸ್ತೆಯಲ್ಲಿ ದಿನಾ ಸ್ಕೂಟಿ ಓಡಿಸಿಕೊಂಡು ಹೋಗುವವರು. ಆ ಗೇಟಿನೊಳಗೆ ಏನಿದೆಯೆಂದು ನಾನೂ ಮೂವತ್ತು ವರ್ಷ ಕೇಳಿರಲಿಲ್ಲ. ಕೊಲ್ಹಾಪುರದಲ್ಲಿ 1929ರಲ್ಲಿ ಶುರುವಾದ ಪ್ರಭಾತ್ ಫಿಲ್ಮ್ ಕಂಪನಿ 1933ರಲ್ಲಿ ಪುಣೆಗೆ ಬಂತು. ನಿಮ್ಮ ಶಾಲೆಯಲ್ಲಿ ಪಾಠವಾಗಿದ್ದ ತುಕಾರಾಮರ ಮೇಲಿನ 'ಸಂತ ತುಕಾರಾಮ್' ಅವರದೇ; 1937ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಕಂಪನಿ ಮುಚ್ಚಿದ ಮೇಲೆ ಅದೇ ಜಾಗದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಒಳಗೆ ಒಂದು ದೊಡ್ಡ ಮಾವಿನ ಮರವಿದೆ, ಅದಕ್ಕೆ 'ವಿಸ್ಡಮ್ ಟ್ರೀ' ಎಂದು ಹೆಸರು. ನಮ್ಮ ಹುಡುಗ ಅದರ ಕೆಳಗೆ ಎಷ್ಟು ಜ್ಞಾನ ಪಡೆದಿದ್ದಾನೋ ತಿಳಿಯದು, ಚಹಾ ಮಾತ್ರ ಸಾಕಷ್ಟು ಕುಡಿದಿದ್ದಾನೆ.

ಆ ಆವರಣಕ್ಕೂ ನಮ್ಮವರಿಗೂ ಹಳೆಯ ನಂಟು. 1974-75ರಲ್ಲಿ ಅಲ್ಲಿ ನಿರ್ದೇಶಕರಾಗಿದ್ದವರು ಗಿರೀಶ ಕಾರ್ನಾಡರು. ಅದೇ ಕಾಲಕ್ಕೆ ಅಲ್ಲಿ ವಿದ್ಯಾರ್ಥಿಯಾಗಿದ್ದವರು ಗಿರೀಶ ಕಾಸರವಳ್ಳಿ. ತೀರ್ಥಹಳ್ಳಿ ತಾಲೂಕಿನ ಕೆಸಲೂರಿನವರು, ಮಣಿಪಾಲದಲ್ಲಿ ಫಾರ್ಮಸಿ ಓದಿದವರು. ಔಷಧಿಯ ದಾರಿ ಬಿಟ್ಟು ಪುಣೆಯ ರೈಲು ಹತ್ತಿದರು. ಅವರ ಮನೆಯಲ್ಲೂ ಯಾರಾದರೂ ಅತ್ತಿದ್ದರೇ ಎಂದು ನನಗೆ ಅಕ್ಕನನ್ನು ನೆನೆದು ಅನಿಸುತ್ತದೆ. 1975ರಲ್ಲಿ ಓದು ಮುಗಿಸಿದರು, ಅವರ ಡಿಪ್ಲೊಮಾ ಚಿತ್ರ 'ಅವಶೇಷ್' ರಾಷ್ಟ್ರಪ್ರಶಸ್ತಿ ಪಡೆಯಿತು. ಎರಡೇ ವರ್ಷಕ್ಕೆ, 1977ರಲ್ಲಿ, ಅನಂತಮೂರ್ತಿಯವರ ಕಥೆಯಿಂದ 'ಘಟಶ್ರಾದ್ಧ' ಮಾಡಿ ಸ್ವರ್ಣಕಮಲ ತಂದರು. ಮುಂದೆ 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಚಿತ್ರಗಳಿಗೂ ಅದೇ ಪ್ರಶಸ್ತಿ ಬಂತು. ಒಟ್ಟು ನಾಲ್ಕು ಸ್ವರ್ಣಕಮಲ. ಕಾರ್ನಾಡರ ಹೆಸರು ನೀವು ಕೇಳಿರುತ್ತೀರಿ, ಸಲ್ಮಾನ್ ಖಾನರ ಚಿತ್ರದಲ್ಲಾದರೂ ನೋಡಿರುತ್ತೀರಿ. ಕಾಸರವಳ್ಳಿಯವರ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ.

ಇನ್‌ಸ್ಟಿಟ್ಯೂಟಿಗೆ ಹತ್ತಿರದಲ್ಲೇ, ಅದೇ ರಸ್ತೆಯಲ್ಲಿ, 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. 2022ರಿಂದ ಅದು ಎನ್‌ಎಫ್‌ಡಿಸಿಯ ಭಾಗ. ಅದನ್ನು ಕಟ್ಟಿದವರು ಕೇರಳದ ಪಿ.ಕೆ. ನಾಯರ್. ಊರೂರು ತಿರುಗಿ, ಗೋದಾಮುಗಳಲ್ಲಿ ಧೂಳು ತಿನ್ನುತ್ತಿದ್ದ ರೀಲುಗಳನ್ನು ತಂದು ಕಾಪಾಡಿದರು. ಫಾಲ್ಕೆಯವರ ಚಿತ್ರಗಳನ್ನು ನಾವು ಇಂದು ಅಷ್ಟಿಷ್ಟಾದರೂ ನೋಡಬಹುದಾದರೆ ಅದು ಅವರಿಂದ. ಅವರ ಮೇಲೆ 2012ರಲ್ಲಿ ಶಿವೇಂದ್ರ ಸಿಂಗ್ ಡುಂಗರ್‌ಪುರ್ 'ಸೆಲ್ಯುಲಾಯ್ಡ್ ಮ್ಯಾನ್' ಎಂಬ ಸಾಕ್ಷ್ಯಚಿತ್ರ ಮಾಡಿದರು. ಹುಡುಗ ಅದನ್ನು ನಮ್ಮ ಟಿವಿಯಲ್ಲಿ ಹಾಕಿದ ದಿನ ನಾನು ಹೂವು ಕಟ್ಟುತ್ತಾ ಅರ್ಧ ಮನಸ್ಸಿನಿಂದ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಪರದೆಯ ಮೇಲೆ ಅಡಿಕೆ ತೋಟದ ನಾಡು, ನಮ್ಮ ಕನ್ನಡ! ಹೆಗ್ಗೋಡಿನ ಜನ ತಾವು ಹಿಂದೆ ನೋಡಿದ ಪರದೇಶದ ಸಿನಿಮಾಗಳ ಬಗ್ಗೆ ಮಾತಾಡುತ್ತಿದ್ದಾರೆ.

ಇಲ್ಲಿ ನನ್ನ ಬಾಲ್ಯಕ್ಕೆ ಸ್ವಲ್ಪ ಹೋಗಬೇಕು. ಹೆಗ್ಗೋಡು ನಮ್ಮ ಸಾಗರದ ಪಕ್ಕದ ಹಳ್ಳಿ. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ನಾಟಕಕ್ಕೆ ಹೆಸರಾದದ್ದು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಕಾಸರವಳ್ಳಿಯವರಿಗೆ ಸೋದರಮಾವ. ಎಪ್ಪತ್ತರ ದಶಕದಲ್ಲಿ ಅವರು ಹಳ್ಳಿಯವರಿಗೆ ಜಗತ್ತಿನ ಒಳ್ಳೆಯ ಸಿನಿಮಾ ತೋರಿಸಲು ಹೊರಟರು. ನಮ್ಮ ತಂದೆ ಸಾಗರದಲ್ಲಿ ಮಾಸ್ತರರಾಗಿದ್ದರು. ಒಂದು ಸಂಜೆ ನನ್ನನ್ನೂ ಕರೆದುಕೊಂಡು ಹೋದರು. ನನಗಾಗ ಹತ್ತು ವರ್ಷವಿರಬೇಕು. ಕಪ್ಪು ಬಿಳುಪು ಚಿತ್ರ. ಪಾಳು ಹೆಬ್ಬಾಗಿಲು, ಧಾರಾಕಾರ ಮಳೆ, ಅರ್ಥವಾಗದ ಭಾಷೆ. ನಮ್ಮೂರಿನಲ್ಲೇ ಸಾಕಷ್ಟು ಮಳೆ ಇರುವಾಗ ಸಿನಿಮಾದಲ್ಲೂ ಏಕೆ ಎಂದುಕೊಂಡು ನಾನು ತಂದೆಯ ತೊಡೆಯ ಮೇಲೆ ನಿದ್ದೆ ಹೋದೆ. ಅದು ಕುರೊಸಾವಾ ಅವರ 'ರಾಶೊಮಾನ್' ಎಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಇದೇ ಹುಡುಗ ಅದನ್ನು ಹಾಕಿದಾಗ. ಹೆಗ್ಗೋಡಿಗೆ ಚಿತ್ರಗಳನ್ನು ಕಳಿಸುತ್ತಿದ್ದವರು ನಾಯರ್. ಅಂದರೆ ನಾನು ಮದುವೆಯಾಗಿ ಪುಣೆಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಪುಣೆ ನಮ್ಮ ಊರಿನ ಪಕ್ಕಕ್ಕೆ ಡಬ್ಬಗಳಲ್ಲಿ ಬಂದು ಹೋಗಿತ್ತು. ನಾನು ನಿದ್ದೆ ಮಾಡಿದ್ದೆ, ಅಷ್ಟೆ.

ನಾಯರ್ 1991ರಲ್ಲಿ ನಿವೃತ್ತರಾದರು, 2016ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಎಲ್ಲವನ್ನೂ ಉಳಿಸಲು ಅವರಿಗೂ ಆಗಲಿಲ್ಲ. ಮೂಕಿ ಕಾಲದಲ್ಲಿ ನಮ್ಮ ದೇಶ ಸಾವಿರಕ್ಕೂ ಹೆಚ್ಚು ಚಿತ್ರ ಮಾಡಿತ್ತು, ಉಳಿದವು ಬೆರಳೆಣಿಕೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆ ಕಂಡಿತು. ಅದರ ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲೂ ಅಲ್ಲ, ಮೈಸೂರಿನಲ್ಲೂ ಅಲ್ಲ, ನೀವು ಮಹಾಲಕ್ಷ್ಮಿ ದರ್ಶನಕ್ಕೆ ಹೋಗುವ ಕೊಲ್ಹಾಪುರದಲ್ಲಿ. ಆರ್. ನಾಗೇಂದ್ರರಾಯರು, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಎಲ್ಲ ಅಲ್ಲಿಗೆ ಬಂದು ಎರಡು ತಿಂಗಳು ದುಡಿದಿದ್ದರು. ಇಂದು ಅದರ ಒಂದು ಪ್ರತಿಯೂ ಇಲ್ಲ. ಕನ್ನಡ ಮೊದಲು ಪರದೆಯ ಮೇಲೆ ಮಾತಾಡಿದಾಗ ಹೇಗೆ ಕೇಳಿಸುತ್ತಿತ್ತೆಂದು ಇನ್ನು ಯಾರಿಗೂ ತಿಳಿಯುವಂತಿಲ್ಲ. ಹುಡುಗ ಇದನ್ನು ಹೇಳಿದ ದಿನ ನನಗೆ ನನ್ನ ಬಾಣಲೆಯ ಮುಂದೆ ಮೈಕು ಹಿಡಿದವನ ಮೇಲಿದ್ದ ಸಿಟ್ಟು ಇಳಿಯಿತು.

ಈಗ 'ಘಟಶ್ರಾದ್ಧ'ದ ರಾತ್ರಿಗೆ ಬರುತ್ತೇನೆ. ಕಳೆದ ಮಳೆಗಾಲದ ಒಂದು ಶನಿವಾರ. ನನ್ನ ಮಗಳು, ಹಿಂಜೆವಾಡಿಯಲ್ಲಿ ಕೆಲಸ ಮಾಡುವವಳು, ಮಳೆಯೆಂದು ಎಲ್ಲಿಗೂ ಹೋಗದೆ ಮನೆಯಲ್ಲಿದ್ದಳು. ನಿಮ್ಮ ಹಾಗೆಯೇ ಅವಳು. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಮಾತಾಡಿದರೆ ನಡುವೆ ಮರಾಠಿ ಬರುತ್ತದೆ, ಅಕ್ಷರ ಮಾತ್ರ ಬರುವುದಿಲ್ಲ. ತಪ್ಪು ನನ್ನದು, ಕಾನ್ವೆಂಟಿನ ಹೋಂವರ್ಕ್ ಮುಗಿಯಲಿ ಎಂದು ಕಾಪಿ ಪುಸ್ತಕವನ್ನು ನಾಳೆಗೆ ನಾಳೆಗೆ ಎಂದು ಮುಂದೂಡಿದವಳು ನಾನು. ಇರಲಿ. ಅಣ್ಣ ಒತ್ತಾಯ ಮಾಡಿದನೆಂದು ಮೊಬೈಲು ಹಿಡಿದುಕೊಂಡೇ ಕೂತಳು.

ಚಿತ್ರದಲ್ಲಿ ನಾಣಿ ಎಂಬ ಪುಟ್ಟ ಹುಡುಗ ವೇದ ಕಲಿಯಲು ಅಗ್ರಹಾರಕ್ಕೆ ಬರುತ್ತಾನೆ. ಗುರುಗಳ ಮಗಳು ಯಮುನಕ್ಕ, ಎಳೆಯ ವಿಧವೆ, ಅವನಿಗೆ ಆಸರೆ. ಆಕೆ ಗರ್ಭಿಣಿಯಾಗುತ್ತಾಳೆ. ಕೊನೆಗೆ ಹೆತ್ತ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾನೆ. ಎಲ್ಲವನ್ನೂ ನಾವು ನೋಡುವುದು ಆ ಹುಡುಗನ ಕಣ್ಣಿನಿಂದ. ಅವನಿಗೆ ಪೂರ್ತಿ ಅರ್ಥವಾಗುವುದಿಲ್ಲ, ನಮಗೆ ಆಗುತ್ತದೆ. ಯಮುನಕ್ಕ ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತಿರುವ ದೃಶ್ಯ ಬಂದಾಗ ಮಗಳ ಮೊಬೈಲು ಎಷ್ಟೋ ಹೊತ್ತಿನಿಂದ ಸೋಫಾದ ಮೇಲೆ ಬೋರಲಾಗಿ ಬಿದ್ದಿತ್ತು. ಚಿತ್ರ ಮುಗಿದ ಮೇಲೆ ಕೇಳಿದಳು: "ಅಮ್ಮಾ, ದೇವರ ಮನೆ ಪಕ್ಕದ ಫೋಟೋದಲ್ಲಿ ಸೆರಗು ಹೊದ್ದುಕೊಂಡ ಅಜ್ಜಿ ಇದ್ದಾರಲ್ಲ, ಅವರಿಗೂ ಹೀಗೆ ಮಾಡಿದ್ರಾ?"

ಆ ಫೋಟೋದಲ್ಲಿರುವುದು ನನ್ನ ಅಜ್ಜಿಯ ತಂಗಿ. ಮಡಿ ಅಜ್ಜಿ ಎನ್ನುತ್ತಿದ್ದೆವು. ಹನ್ನೆರಡನೇ ವಯಸ್ಸಿಗೆ ವಿಧವೆಯಾಗಿ ತವರಿಗೆ ಮರಳಿದವರು. ಜೀವನಪೂರ್ತಿ ಕೆಂಪು ಸೀರೆ. ಮಗಳು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ 'ಹಿಂದಿನ ಕಾಲದವರು ಹಾಗೇ ಸೆರಗು ಹೊದೆಯುತ್ತಿದ್ದರು' ಎಂದು ತೇಲಿಸಿಬಿಟ್ಟಿದ್ದೆ. ಅಂದು ತೇಲಿಸಲು ಆಗಲಿಲ್ಲ. ಹದಿನೈದು ದಿನಕ್ಕೊಮ್ಮೆ ಕ್ಷೌರಿಕ ಹಿತ್ತಲ ಬಾಗಿಲಿನಿಂದ ಬರುತ್ತಿದ್ದುದು, ಆಗ ಮಕ್ಕಳನ್ನೆಲ್ಲ ಮುಂಬಾಗಿಲಿಗೆ ಅಟ್ಟುತ್ತಿದ್ದುದು, ನಾನು ಒಮ್ಮೆ ಸೌದೆ ಕೊಟ್ಟಿಗೆಯ ಸಂದಿನಿಂದ ಇಣುಕಿ ನೋಡಿದ್ದು, ಮಡಿ ಅಜ್ಜಿ ಕಣ್ಣೆತ್ತಿ ನನ್ನನ್ನು ಕಂಡು ಏನೂ ಅನ್ನದೆ ಮತ್ತೆ ತಲೆ ಬಗ್ಗಿಸಿದ್ದು, ಎಲ್ಲ ಹೇಳಿದೆ. ನಲವತ್ತು ವರ್ಷಕ್ಕೂ ಮೇಲಾಯಿತು, ನಮ್ಮ ಮನೆಯವರಿಗೂ ಇದನ್ನು ಹೇಳಿರಲಿಲ್ಲ. ಅವರು ಏಳಲಿಲ್ಲ, ಹೀರೋ ಯಾರೆಂದು ಕೇಳಲೂ ಇಲ್ಲ. ಹುಡುಗನ ಕೈಯಲ್ಲಿ ಮೈಕು ಇರಲಿಲ್ಲ. ಇದ್ದಿದ್ದರೂ ಅಂದು ಅವನು ಹಿಡಿಯುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಮರುದಿನ ಮಗಳು ಇನ್ನೊಂದು ಪ್ರಶ್ನೆ ಕೇಳಿದಳು. "ಮಡಿ ಅಜ್ಜಿ ನಗ್ತಿದ್ರಾ?"

ನಗುತ್ತಿದ್ದರು, ನಗಿಸುತ್ತಲೂ ಇದ್ದರು. ನನಗೆ ಬಂದ ಕಥೆಗಳೆಲ್ಲ ಅವರಿಂದ ಬಂದವು. ಅದರಲ್ಲಿ ಅಜ್ಜಿ ಮತ್ತು ಕೋಳಿಯ ಕಥೆ ಅವರ ಅಚ್ಚುಮೆಚ್ಚಿನದು. ಅದನ್ನು ನಿಮ್ಮ ತಾಯಂದಿರೂ ಬಲ್ಲರು, ಕೇಳಿ ನೋಡಿ. ಒಂದೂರಿನಲ್ಲಿ ಒಬ್ಬ ಅಜ್ಜಿ. ಅವಳ ಹುಂಜ ಕೂಗಿದರೆ ಊರಿಗೆ ಬೆಳಗು, ಅವಳ ಒಲೆಯ ಕೆಂಡ ಒಯ್ದರೆ ಊರಿನ ಒಲೆ ಹೊತ್ತುವುದು. ಒಂದು ದಿನ ಊರವರ ಮೇಲೆ ಮುನಿದು, 'ನನ್ನ ಕೋಳಿ ಇಲ್ಲದೆ ಇವರಿಗೆ ಹೇಗೆ ಬೆಳಗಾಗುತ್ತದೋ ನೋಡೋಣ' ಎಂದು ಕೋಳಿಯನ್ನೂ ಕೆಂಡವನ್ನೂ ತೆಗೆದುಕೊಂಡು ಕಾಡಿಗೆ ಹೋಗುತ್ತಾಳೆ. ಊರಿಗೆ ಬೆಳಗಾಗಿಯೇ ಆಗುತ್ತದೆ. ಕೋಳಿಯ ನೆರಳೂ ಸೋಕದ ನಮ್ಮ ಮನೆಯ ನಡುಮನೆಯಲ್ಲಿ, ಮಡಿಯಲ್ಲಿ ಕೂತ ಅಜ್ಜಿ ಕೊಕ್ಕೊಕ್ಕೋ ಎಂದು ಕೂಗುತ್ತಿದ್ದುದನ್ನು ನೆನೆದರೆ ನನಗೆ ಈಗಲೂ ನಗು.

ಇದೇ ಜಾತಿಯ ಒಂದು ಕನ್ನಡ ಜನಪದ ಕಥೆಯನ್ನು ಹಿಡಿದು ಆ ಇನ್‌ಸ್ಟಿಟ್ಯೂಟಿನ ಟಿವಿ ವಿಭಾಗದಲ್ಲಿ ಒಂದು ವರ್ಷದ ಕೋರ್ಸ್ ಮಾಡುತ್ತಿದ್ದ ಚಿದಾನಂದ ಎಸ್. ನಾಯ್ಕ ಒಂದು ಪುಟ್ಟ ಚಿತ್ರ ಮಾಡಿದರು. ಮೈಸೂರಿನವರು, ವೈದ್ಯಕೀಯ ಓದಿದವರು. ಫಾರ್ಮಸಿಯಾಯಿತು, ಎಂ.ಬಿ.ಬಿ.ಎಸ್. ಆಯಿತು, ಔಷಧಿಗೂ ಸಿನಿಮಾಕ್ಕೂ ಏನು ಸಂಬಂಧವೋ! ಚಿತ್ರದ ಹೆಸರು 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ', ಅಂದರೆ ಸೂರ್ಯಕಾಂತಿ ಹೂಗಳಿಗೇ ಮೊದಲು ತಿಳಿದದ್ದು. 16 ನಿಮಿಷದ್ದು, ನಾಲ್ಕೇ ದಿನದಲ್ಲಿ ಚಿತ್ರೀಕರಿಸಿದ್ದು, ಮಾತು ಕನ್ನಡ. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗ 'ಲಾ ಸಿನೆಫ್'ನಲ್ಲಿ ಮೊದಲ ಬಹುಮಾನ ಗೆದ್ದಿತು. 555 ಚಿತ್ರಶಾಲೆಗಳಿಂದ 2,263 ಚಿತ್ರಗಳು ಹೋಗಿದ್ದವು, ಆರಿಸಿದ್ದು 18. ಅದೇ ಉತ್ಸವದಲ್ಲಿ ಅದೇ ಸಂಸ್ಥೆಯ ಹಳೆಯ ವಿದ್ಯಾರ್ಥಿನಿ ಪಾಯಲ್ ಕಪಾಡಿಯಾ ಗ್ರ್ಯಾನ್ ಪ್ರಿ ಗೆದ್ದದ್ದು ನಿಮಗೆ ಗೊತ್ತು, ಪತ್ರಿಕೆಗಳೆಲ್ಲ ಬರೆದವು. ಕನ್ನಡದ ಅಜ್ಜಿಯ ಸುದ್ದಿ ಅದರ ಪಕ್ಕದ ಸಣ್ಣ ಚೌಕದಲ್ಲಿತ್ತು.

ಆ ಚಿತ್ರದಲ್ಲಿ ಅಜ್ಜಿ ಕೋಳಿಯನ್ನು ಕದ್ದುಬಿಡುತ್ತಾಳೆ. ಆಗ ಸೂರ್ಯ ನಿಜವಾಗಿಯೂ ಹುಟ್ಟುವುದಿಲ್ಲ. ಊರು ಕತ್ತಲಲ್ಲಿ ಮುಳುಗುತ್ತದೆ. ಮಡಿ ಅಜ್ಜಿ ಹೇಳಿದ ಕಥೆಯಲ್ಲಿ ಮುದುಕಿಯದು ಬರೀ ಜಂಬ. ಕೇಳಿದ ನಾವು ಅವಳನ್ನು ನೋಡಿ ನಗಬೇಕು. ಇಲ್ಲಿ ಮುದುಕಿ ಹೇಳಿದ್ದೇ ಸರಿಯಾಗಿಬಿಡುತ್ತದೆ. ಹನ್ನೆರಡನೇ ವಯಸ್ಸಿನಿಂದ ಯಾವ ಬೆಳಗೂ ತನಗಾಗಿ ನಿಲ್ಲದ್ದನ್ನು ಕಂಡ ನಮ್ಮ ಮಡಿ ಅಜ್ಜಿ ಇದನ್ನು ನೋಡಿದ್ದರೆ ಏನನ್ನುತ್ತಿದ್ದರೋ ಎಂದು ನಾನು ಪಾತ್ರೆ ತೊಳೆಯುವಾಗ ಎಷ್ಟೋ ಸಲ ಯೋಚಿಸಿದ್ದೇನೆ. ಅವರ ಧ್ವನಿ ಎಲ್ಲೂ ದಾಖಲಾಗಿಲ್ಲ. ಫೋಟೋ ಒಂದೇ ಇರುವುದು.

'ಘಟಶ್ರಾದ್ಧ'ವನ್ನೂ ಈಗ ಹೊಸದಾಗಿ ಶುಚಿಗೊಳಿಸಿದ್ದಾರೆ; 2024ರಲ್ಲಿ ವೆನಿಸ್ ಚಿತ್ರೋತ್ಸವದ ಹಳೆಯ ಶ್ರೇಷ್ಠ ಚಿತ್ರಗಳ ಸಾಲಿನಲ್ಲಿ ಅದು ಪ್ರದರ್ಶನವಾಯಿತು. ಪುಣೆಯಲ್ಲಿ ಆ ಪ್ರತಿ ಬಂದರೆ ಸಂಘದಿಂದ ಒಟ್ಟಾಗಿ ಹೋಗಬಹುದು. ಟಿಕೆಟಿನ ಚಿಂತೆ ಬೇಡ, ಮಹಿಳಾ ವಿಭಾಗದಲ್ಲಿ ಸ್ವಲ್ಪ ಹಣ ಉಳಿದಿದೆ.

ಇನ್ನೊಂದು ವಿಷಯ. ಹುಡುಗ ಮುಂದಿನ ತಿಂಗಳು ನಮ್ಮ ಮನೆಯಲ್ಲೇ ಹತ್ತು ನಿಮಿಷದ ಒಂದು ಚಿತ್ರ ತೆಗೆಯುತ್ತಾನೆ. ಕೋಳಿಯ ಕಥೆಯನ್ನು ನಾನು ಹೇಳಬೇಕಂತೆ, ಮಡಿ ಅಜ್ಜಿ ಹೇಳುತ್ತಿದ್ದ ಹಾಗೆ, ಕೂಗೂ ಸೇರಿ. ಮೂರು ದಿನದಿಂದ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಕೆಳಗಿನ ಮನೆಯ ಕಾಕೂ ಏನಾಯಿತೆಂದು ಕೇಳಲು ಮೇಲೆ ಬಂದಿದ್ದರು. ಮಗಳಿಗೆ ಮೈಕು ಹಿಡಿಯುವ ಕೆಲಸ. ಮಾತುಗಳನ್ನು ಅವಳು ಸದ್ಯಕ್ಕೆ ದೇವನಾಗರಿಯಲ್ಲಿ ಬರೆದುಕೊಂಡಿದ್ದಾಳೆ. 'ಹುಂಜ' ಎಂಬ ಒಂದು ಪದವನ್ನು ಮಾತ್ರ ಕನ್ನಡ ಅಕ್ಷರದಲ್ಲಿ, ನನ್ನನ್ನು ಕೇಳಿ. ಹುಡುಗನಿಗೆ ಹಳೆಯ ಚಿಮಣಿ ಬುಡ್ಡಿ ಒಂದು, ಕೆಂಪು ಸೀರೆ ಒಂದು ಬೇಕಾಗಿವೆ. ನಿಮ್ಮ ಮನೆಯ ಅಟ್ಟದಲ್ಲಿ, ಊರಿಂದ ತಂದ ಟ್ರಂಕಿನಲ್ಲಿ ಇದ್ದರೆ ಭಾನುವಾರ ಸಂಘಕ್ಕೆ ತನ್ನಿ. ಬುಡ್ಡಿಯ ಗಾಜು ಒಡೆದಿದ್ದರೂ ನಡೆಯುತ್ತದೆಯಂತೆ.